ಹನ್ನೆರಡರಲ್ಲೊಂದು ಇಕ್ಕಟ್ಟಿನ ಗೂಡು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಶೆಡ್ಡಿನ ಶಟರನ್ನು ಅರ್ಧ ಎತ್ತಿ, ತಲೆ ತಗ್ಗಿಸಿ ಒಳನುಗ್ಗುವ ಅಚ್ಚಿನಕ್ಕ, ಬ್ಯಾಗು ಕೆಳಗಿಡುವ ಮೊದಲೇ ನಿನ್ನೆ ಎರಕ ಹೊಯ್ದ ಅಚ್ಚುಗಳನ್ನು ಮುಟ್ಟಿ ನೋಡುತ್ತಾರೆ. ತಣ್ಣಗಿವೆ. ಕಟ್ಟಿದ ಪಟ್ಟಿ ಬಿಚ್ಚಿ, ಪ್ಲಾಸ್ಟರ್ ಕವಚ ತೆಗೆದು, ಒಳಗಿನ ರಬ್ಬರ್ ಅಚ್ಚನ್ನು ಹಣ್ಣಿನ ಸಿಪ್ಪೆಯಂತೆ ಸುಲಿದರೆ ಹೊರಬರುವುದು ಮನುಷ್ಯರ ಸೊಂಟದ ಮೂಳೆ. ಎಡ ಮಗ್ಗುಲು, ಬಲ ಮಗ್ಗುಲು, ಹಿಂದುಗಡೆ ಅವೆರಡರ ನಡುವೆ ಕೂರುವ ತ್ರಿಕೋನದ ಎಲುಬು. ಪುಸ್ತಕದಲ್ಲಿ ಇದು ಶ್ರೋಣಿ, ಡಾಕ್ಟರ ಬಾಯಲ್ಲಿ ಪೆಲ್ವಿಸ್, ಅಚ್ಚಿನಕ್ಕನಿಗೆ ಸೊಂಟದ ಗೂಡು. ನರ್ಸಿಂಗ್ ಶಾಲೆಯ ಹುಡುಗಿಯರು ಇದರೊಳಗಿಂದ ಬೊಂಬೆಯೊಂದನ್ನು ಹೊರತೆಗೆದು ಹೆರಿಗೆ ಮಾಡಿಸುವುದನ್ನು ಕಲಿಯುತ್ತಾರೆ.

ಎಂದಿನಂತಾದರೆ ಅವರು ಸ್ಟೂಲಿನ ಮೇಲೆ ಕೂತು ಮರಳುಕಾಗದ ಹಿಡಿದರೆ ಎಂಟರವರೆಗೆ ಏಳುವುದಿಲ್ಲ. ಇವತ್ತು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾರೆ. ಒಂದು ಪೀಸು ಉಜ್ಜುತ್ತಾರೆ, ಎದ್ದು ಗೇಟಿನವರೆಗೆ ಹೋಗುತ್ತಾರೆ, ಬರುತ್ತಾರೆ, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಾರೆ. ಕುದಿಸಿದ ಚಹಾ ಮೂರನೇ ಸಲ ಆರಿದೆ. ಹತ್ತು ಗಂಟೆಗೆ ನರ್ಸಿಂಗ್ ಶಾಲೆಯ ಟೀಚರ್ ಬರುವವರಿದ್ದಾರೆ, ಕೈಯಲ್ಲಿ ದೋಷದ ಪೀಸು ಹಿಡಿದುಕೊಂಡು. ಅದರಲ್ಲಿ ಬೊಂಬೆ ಸಿಕ್ಕಿಹಾಕಿಕೊಳ್ಳುತ್ತದಂತೆ. "ಯಾವ ಅಚ್ಚಿಂದ ಬಂತು ಅಂತ ಹುಡುಕಿ ಒಡೆದುಹಾಕಿ ಅಚ್ಚಿನಕ್ಕ," ಎಂದು ಚಿಕ್ಕ ಯಜಮಾನರು ಮೊನ್ನೆಯೇ ಹೇಳಿದ್ದಾರೆ.

ಹುಡುಕುವ ಅಗತ್ಯವೇನಿಲ್ಲ. ಆ ಅಚ್ಚು ಕೆಳಗಿನ ಕಪಾಟಿನಲ್ಲಿ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಕೂತಿದೆ. ಮಾಡಿದವರು ಇವರೇ, ಬಚ್ಚಿಟ್ಟವರೂ ಇವರೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಎರಡು ದಿನದಿಂದ ಅವರ ಕಣ್ಣು ಆ ಕಪಾಟು ಬಿಟ್ಟು ಬೇರೆಡೆ ಹೋಗುತ್ತಿಲ್ಲ.

"ಇದನ್ನ ನೋಡಿದೋರು ಒಂದು ಮೂಳೆ ಅಂದ್ಕೋತಾರೆ," ಎಂದು ನಮಗೆ ಹೇಳುತ್ತಾ, ಮೂರೂ ತುಂಡು ಸೇರಿಸುವ ತಂತಿ ಬಿಗಿಯುತ್ತಾರೆ. ಮಾತಾಡುತ್ತಿದ್ದರೆ ಅವರಿಗೆ ಸ್ವಲ್ಪ ಸಮಾಧಾನ. "ಒಂದೊಂದು ಮಗ್ಗುಲೂ ಚಿಕ್ಕಂದಿನಲ್ಲಿ ಮೂರು ತುಂಡು, ಬೆಳೀತಾ ಬೆಸೆದುಕೊಳ್ಳೋದು. ಗಂಡಸರದ್ದು ಮುಂದಿನ ಕಮಾನು ಚೂಪು, ಹೆಂಗಸರದ್ದು ಅಗಲ. ಮೇಲಿನ ಬಾಯಿ ಅಡ್ಡಕ್ಕೆ ಅಗಲ, ಕೆಳಗಿನ ಬಾಯಿ ಉದ್ದಕ್ಕೆ ಅಗಲ. ಅದಕ್ಕೇ ಮಗು ನೆಟ್ಟಗೆ ಬರಲ್ಲ, ತಿರುಗಿಕೊಂಡು ಬರುತ್ತೆ. ಮನೆ ಖಾಲಿ ಮಾಡುವಾಗ ಮಂಚನ ಬಾಗಿಲಲ್ಲಿ ಓರೆ ಮಾಡಿ ಸಾಗಿಸಲ್ವಾ, ಹಾಗೆ."

ದಿನಕ್ಕೆ ಆರು ಗೂಡು, ಅಂದರೆ ಹದಿನೆಂಟು ತುಂಡು. ಒಂದೊಂದಕ್ಕೂ ಮೂರು ನಮೂನೆಯ ಮರಳುಕಾಗದ. ಎರಡು ದಿನಕ್ಕೊಂದು ಡಜನ್ನು. ಕೊನೆಯಲ್ಲಿ ಮುಂದಿನ ಕಮಾನಿನ ಕೆಳಗಿಂದ ಎರಡು ಬೆರಳು ಒಳಗೆ ಚಾಚಿ, ಹಿಂದಿನ ಎಲುಬಿನ ಮೇಲಂಚನ್ನು ಮುಟ್ಟಲು ನೋಡುತ್ತಾರೆ. ಬೆರಳು ತಾಗದಿದ್ದರೆ ಗೂಡು ಸಾಕಷ್ಟು ವಿಶಾಲವಾಗಿದೆ ಎಂದರ್ಥ. ಇಪ್ಪತ್ತಾರು ವರ್ಷ ಉಜ್ಜಿ ಉಜ್ಜಿ ಬೆರಳ ರೇಖೆಗಳೇ ಅಳಿಸಿವೆ. "ಬೆರಳಚ್ಚು ತಗೊಳ್ಳೋ ಮಿಷನ್ನಿಗೆ ನಾನು ಮನುಷ್ಯಳೇ ಅಲ್ಲ," ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ, ಗೇಟಿನ ಸದ್ದು. ಹಾಲಿನವನು.

ಐವತ್ತೆರಡು ವರ್ಷದ ಈ ಹೆಂಗಸು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಅದಕ್ಕೆ ನಾಲ್ಕು ವರ್ಷ ಮೊದಲು ಚೊಚ್ಚಲ ಹೆರಿಗೆಯಾಗಿತ್ತು. "ನಮ್ಮತ್ತೆ ಎಲ್ಲರ ಹತ್ರ ಹೇಳಿದ್ರು, ಸೊಸೆ ಸೊಂಟ ಅಗಲ, ಹೂವು ಎತ್ತಿದ ಹಾಗೆ ಹೆರ್ತಾಳೆ ಅಂತ. ಪಾಪ, ಪ್ರೀತಿಯಿಂದಲೇ ಅಂದಿದ್ದು. ಹೊರಗಿಂದ ನೋಡಿದ್ರೆ ಏನು ಗೊತ್ತಾಗುತ್ತೆ?" ಎರಡು ದಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಒದ್ದಾಡಿದರು. ಮಗು ಸಿಕ್ಕಿಹಾಕಿಕೊಂಡಿತ್ತು. ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಹೊಳೆಯುವ ಹೊತ್ತಿಗೆ ಕಾಲ ಮಿಂಚಿತ್ತು. "ಗಂಡು ಮಗು. ಅಳೋದು ಕೇಳಿಸಲೇ ಇಲ್ಲ. ಹೆರಿಗೆ ಮಾಡಿಸಿದ ನರ್ಸು ಇನ್ನೂ ಹುಡುಗಿ, ನನ್ನ ಕೈ ಹಿಡ್ಕೊಂಡು ಅವಳೂ ಅತ್ತಳು. 'ಬೊಂಬೆಯಲ್ಲಿ ಹೀಗೆ ಆಗ್ತಾನೇ ಇರಲಿಲ್ಲ ಅಕ್ಕಾ' ಅಂದಳು."

ಆ ಮಾತಿನ ಅರ್ಥ ತಿಳಿದದ್ದು ಈ ಶೆಡ್ಡಿನಲ್ಲಿ, ಪೊರಕೆ ಹಿಡಿದು ನಿಂತಾಗ. ಸಾಲಾಗಿ ಜೋಡಿಸಿಟ್ಟ ಗೂಡುಗಳು, ಪಕ್ಕದಲ್ಲಿ ಬೊಂಬೆಗಳು. ಯಾವ ಬೊಂಬೆ ಹಾಕಿದರೂ ಯಾವ ಗೂಡಿನಿಂದಲಾದರೂ ಸಲೀಸಾಗಿ ಬರುತ್ತಿತ್ತು. "ಮೈಯೆಲ್ಲ ಉರಿದುಹೋಯ್ತು. ಬರದೇ ಇರೋದೂ ಉಂಟು ಅಂತ ಆ ಹುಡುಗಿಗೆ ಯಾರು ಹೇಳಿಕೊಡಬೇಕಿತ್ತು?"

ಹೇಳಿಕೊಡುವ ಕೆಲಸವನ್ನು ಅವರೇ ಮಾಡಿದರು, ಬಾಯಿ ಬಿಡದೆ. ಎರಡನೆಯ ಸಲ ಬಸುರಾದಾಗ ಡಾಕ್ಟರು ತೆಗೆಸಿದ ಎಕ್ಸ್‌ರೇ ಅವರ ಬಳಿ ಇತ್ತು, ಅಂಚಿನಲ್ಲಿ ಅಳತೆ ಬರೆದಿತ್ತು. ಮೇಲಿನ ಬಾಯಿ ಹಿಂದಿನಿಂದ ಮುಂದಕ್ಕೆ ಹನ್ನೊಂದು ಸೆಂಟಿಮೀಟರ್ ಇರಬೇಕಾದಲ್ಲಿ ಒಂಬತ್ತೂ ಇಲ್ಲ. ಮಗಳು ಹುಟ್ಟಿದ್ದು ಆಪರೇಷನ್ನಿನಿಂದ. ಈಗ ಅವಳಿಗೆ ಇಪ್ಪತ್ತೆಂಟು, ಅಮ್ಮನನ್ನು ರೇಗಿಸುವುದೇ ಅವಳ ಕಸುಬು. ಅಚ್ಚಿನ ವಿದ್ಯೆ ಕೈಗೆ ಹತ್ತಿದ ಮೇಲೆ, ಒಂಬತ್ತು ವರ್ಷದ ಹಿಂದೆ, ಒಂದು ಹಳೇ ಪೀಸನ್ನು ಗರಗಸದಿಂದ ಕೊಯ್ದು, ಮೇಣ ಹಚ್ಚಿ, ಆ ಎಕ್ಸ್‌ರೇ ಅಳತೆಗೇ ತಿದ್ದಿ ಅಚ್ಚು ತೆಗೆದರು. ಅಂದಿನಿಂದ ಹೊರಹೋಗುವ ಪ್ರತಿ ಡಜನ್ನಿನಲ್ಲಿ ಹನ್ನೊಂದು ಪುಸ್ತಕದ ಅಳತೆಯವು, ಒಂದು ಅಚ್ಚಿನಕ್ಕನದು.

ಇಷ್ಟು ವರ್ಷ ಸಿಕ್ಕಿಬೀಳದ್ದಕ್ಕೂ ಕಾರಣವಿದೆ. ಬೊಂಬೆಯ ತಲೆ ಬಟ್ಟೆಯದು. ಒತ್ತಿದರೆ ಅಮುಕಿಕೊಂಡು ಬಂದುಬಿಡುತ್ತಿತ್ತು. ಹೋದ ವರ್ಷ ಚಿಕ್ಕ ಯಜಮಾನರು ಗಟ್ಟಿ ರಬ್ಬರಿನ ತಲೆ ಮಾಡಿಸಿದರು. ಆಗ "ಒಳ್ಳೇದಾಯ್ತು ಸಾರ್" ಎಂದು ಮೊದಲು ತಲೆಯಾಡಿಸಿದವರು ಇದೇ ಅಚ್ಚಿನಕ್ಕ!

ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಟೀಚರ್ ಬರುತ್ತಾರೆ. ಚೀಲದಿಂದ ಗೂಡು ತೆಗೆದು ಮೇಜಿನ ಮೇಲೆ ಕುಕ್ಕುತ್ತಾರೆ. ಅವರು ಕೂರುವ ಮೊದಲೇ ಯಜಮಾನರು ಕೈಮುಗಿದಾಗಿದೆ. "ಬೇರೆ ಡಜನ್ ಕಳಿಸ್ತೀವಿ ಮೇಡಂ. ಆ ಅಚ್ಚನ್ನ ಇವತ್ತೇ ಒಡೆಸ್ತೀನಿ."

ಅಚ್ಚಿನಕ್ಕ ಕೆಳಗಿನ ಕಪಾಟಿನತ್ತ ನೋಡುತ್ತಾರೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಅಚ್ಚು ಹೋಗುತ್ತದೆ. ಬಾಯಿಬಿಟ್ಟರೆ ಎರಡೂ ಹೋಗಬಹುದು.

"ಅದು ಕೆಟ್ಟಿದ್ದಲ್ಲ ಮೇಡಂ. ಬೇಕಂತಲೇ ಮಾಡಿದ್ದು. ನಾನೇ."

ಟೀಚರಿಗೆ ಸಿಟ್ಟು ನೆತ್ತಿಗೇರುತ್ತದೆ. "ಬೇಕಂತನಾ? ಪರೀಕ್ಷೆಯಲ್ಲಿ ಇಪ್ಪತ್ತು ಜನ ಹುಡುಗೀರು ಇದರ ಜೊತೆ ಗುದ್ದಾಡಿದಾರೆ! ಎಳೆದೂ ಎಳೆದೂ ಇಬ್ಬರು ಬೊಂಬೆ ಕತ್ತನ್ನೇ ಕಿತ್ತರು!"

"ಇಪ್ಪತ್ತೂ ಜನ ಎಳೆದರಾ ಮೇಡಂ? ಒಬ್ಬರೂ ನಿಲ್ಲಿಸಲಿಲ್ವಾ?"

"ನಿಲ್ಲಿಸಿದಳು ಒಬ್ಬಳು. ಬೆರಳು ಹಾಕಿ ನೋಡಿ, 'ಹಿಂದಿನ ಎಲುಬು ಕೈಗೆ ತಾಗ್ತಿದೆ, ಇದು ಇಲ್ಲಿ ಆಗಲ್ಲ, ಆಪರೇಷನ್ ಇರೋ ಆಸ್ಪತ್ರೆಗೆ ಕಳಿಸಬೇಕು' ಅಂತ ದೂರ ಸರಿದು ನಿಂತಳು. ಬೊಂಬೆನ ಮುಟ್ಟಲಿಲ್ಲ. ನಾನು..." ಟೀಚರ್ ದನಿ ತಗ್ಗುತ್ತದೆ. "ನಾನು ಸೊನ್ನೆ ಹಾಕಿದೀನಿ ಅವಳಿಗೆ."

ಟೀಚರ್ ಗೂಡನ್ನು ತಮ್ಮತ್ತ ಎಳೆದುಕೊಂಡು ತಾವೇ ಎರಡು ಬೆರಳು ಚಾಚಿ ನೋಡುತ್ತಾರೆ. ತಾಗುತ್ತದೆ. "ಯಾರ ಅಳತೆ ಇದು?" ಎಂದು ಕೇಳುತ್ತಾರೆ.

"ನನ್ನದೇ ಮೇಡಂ," ಎನ್ನುವ ಅಚ್ಚಿನಕ್ಕ, ಶೆಡ್ಡಿನಲ್ಲಿ ಯಾರಿಗೂ ಹೇಳದೇ ಇದ್ದ ಆ ಹೆರಿಗೆಯ ಎರಡು ದಿನದ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳುತ್ತಾರೆ. ಟೀಚರ್ ಕನ್ನಡಕ ತೆಗೆದು ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ. ಆಮೇಲೆ ಗೂಡನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ಇದು ವಾಪಸ್ ಬೇಡ. ಅಚ್ಚು ಒಡೀಬೇಡಿ."

ಯಜಮಾನರಿಗೆ ಹೋದ ಜೀವ ಬಂದಂತಾಗಿದೆ. ವ್ಯಾಪಾರದ ಮನುಷ್ಯ, ತಕ್ಷಣ ಪೆನ್ನು ತೆಗೆಯುತ್ತಾರೆ. "ಹಾಗಾದ್ರೆ ಒಂದು ಚೀಟಿ ಅಂಟಿಸಿಬಿಡೋಣ. 'ಇಕ್ಕಟ್ಟು' ಅಂತ. ಯಾರಿಗೂ ಗೊಂದಲ ಇರಲ್ಲ."

"ಬೇಡ ಸಾರ್," ಎಂದು ಅಚ್ಚಿನಕ್ಕ ಮೊದಲ ಸಲ ದನಿ ಎತ್ತುತ್ತಾರೆ. "ಹೆಂಗಸರು ಆಸ್ಪತ್ರೆಗೆ ಬರುವಾಗ ಸೊಂಟಕ್ಕೆ ಚೀಟಿ ಅಂಟಿಸ್ಕೊಂಡು ಬರ್ತಾರಾ?"

ಪೆನ್ನು ಜೇಬಿಗೆ ವಾಪಸಾಗುತ್ತದೆ. ಟೀಚರ್ ಹೊರಡುತ್ತಾರೆ, ಅವರಿಗೆ ಶಾಲೆಗೆ ಹೋಗಿ ಒಂದು ಸೊನ್ನೆ ಹೊಡೆದುಹಾಕುವುದಿದೆ. ಗೇಟಿನ ತನಕ ಕಳಿಸಲು ಹೋದ ಅಚ್ಚಿನಕ್ಕ ಅಲ್ಲಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಸೆರಗಿನ ತುದಿಗೆ ಕೈ ಒರೆಸುತ್ತಾರೆ, ಗೇಟಿನ ಚಿಲಕ ಹಾಕಿ ತೆಗೆಯುತ್ತಾರೆ. ಇನ್ನೇನು ಬೇಕು ನಿಮಗೆ ಎಂದು ನಾವು ಕೇಳಿದರೆ, ಬಹಳ ಯೋಚನೆ ಮಾಡದೆ ಹೇಳುತ್ತಾರೆ:

"ಎಳೀದೆ ದೂರ ನಿಂತಳಲ್ಲ, ಆ ಹುಡುಗಿನ ಒಂದ್ಸಲ ನೋಡಬೇಕು. ಮಾತಾಡೋದೇನಿಲ್ಲ. ಸುಮ್ನೆ ನೋಡಿಕೊಂಡು ಬರ್ತೀನಿ."