ಹೊರ್ವಾತ್ ಎಂಬ ಹೆಸರಿನ ತಲೆಗೆ ನಾನು ಕಟ್ಟಿದ್ದು

ಆ ಹೆಸರು ಯಾರಿಗೂ ಏನನ್ನೂ ಹೇಳಿರಲಿಲ್ಲ. ಹೇಳಿದವಳು ನಾನು. ಹೇಳಿ, ತಪ್ಪನ್ನು ಆ ಹೆಸರಿನ ತಲೆಗೆ ಕಟ್ಟಿ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ಇದನ್ನು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಯಾರಿಗೆ ಅನ್ಯಾಯ ಮಾಡಿದೆನೋ ಅವಳಿಗೆ ಕನ್ನಡ ಬಾರದು. ಆದರೆ ಆ ಮಾತನ್ನು ನಾನು ಕನ್ನಡದಲ್ಲಿ ಆಡಿದೆ—ಅವಳ ಎದುರಿಗೇ ನಿಂತು, ಅವಳಿಗೆ ತಿಳಿಯದಿರಲಿ ಎಂದೇ ಕನ್ನಡದಲ್ಲಿ ಆಡಿದೆ. ಒಪ್ಪಿಕೊಳ್ಳುವುದೂ ಮೊದಲು ಇದೇ ಭಾಷೆಯಲ್ಲಿ, ನನ್ನ ಜನರ ಮುಂದೆಯೇ ಆಗಲಿ.

ಅವಳ ಹೆಸರು ಜುಜಾನಾ. ಮನೆತನದ ಹೆಸರು ಹೊರ್ವಾತ್. ಅವರಲ್ಲಿ ಹೆಂಗಸರು ಅದನ್ನು ಹೊರ್ವಾತೋವಾ ಎಂದು ಬರೆದುಕೊಳ್ಳುತ್ತಾರೆ. ಸ್ಲೊವಾಕಿಯಾದವಳು. ಆ ದೇಶ ಯುರೋಪಿನ ಒಕ್ಕೂಟ ಸೇರಿದ ಮೇಲೆ ಇಂಗ್ಲೆಂಡಿಗೆ ಬಂದು, ಲೀಡ್ಸ್‌ನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದಳು. ನನ್ನ ಮೈದುನ ಕಿಟ್ಟಿ ಅದೇ ಊರಿನ ಹೆಡಿಂಗ್ಲೀಯಲ್ಲಿ ಬಾಡಿಗೆಗಿದ್ದ. ಇಬ್ಬರೂ ಮದುವೆಯಾಗಬೇಕೆಂದಿದ್ದರು. ನಾನು ಮತ್ತು ನನ್ನ ಗಂಡ ರಘು ಇದ್ದದ್ದು ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ—ಅವನು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ನಾನು ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. 2005ರ ಬೇಸಿಗೆಯಲ್ಲಿ ಅತ್ತೆ ಮೈಸೂರಿನಿಂದ ಆರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ತೋರಿಸಲೆಂದು ಕಿಟ್ಟಿ ಒಂದು ಭಾನುವಾರ ಜುಜಾನಾಳನ್ನು ಊಟಕ್ಕೆ ಕರೆತಂದ.

ಅತ್ತೆ ಬಿಳಿ ಸೊಸೆಗೆ ಆಗಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದರು. ಇದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಪಕ್ಕದ ಬೀದಿಯ ಹುಡುಗಿಯನ್ನು ತಂದರೆ ವಿಷ ಕುಡಿಯುತ್ತೇನೆ ಎನ್ನುವವರು, ತೊಗಲು ಬೆಳ್ಳಗಿದ್ದರೆ ಸಾಕು, ದನ ತಿಂದವಳನ್ನೂ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ. ಜುಜಾನಾ ಅಷ್ಟೇನೂ ಬೆಳ್ಳಗಿರಲಿಲ್ಲ. ಕಪ್ಪು ಕೂದಲು, ದೊಡ್ಡ ಕಣ್ಣು. ಅತ್ತೆಗೆ ಅದೂ ಹಿಡಿಸಿತು.

“ನಮ್ಮ ಕಡೆ ಹುಡುಗಿ ಥರಾನೇ ಇದಾಳಲ್ಲೋ ಕಿಟ್ಟಿ!” ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿದರು. ಆಮೇಲೆ ವಿಚಾರಣೆ ಶುರುವಾಯಿತು. “ಸರ್‌ನೇಮ್ ಏನಂತೆ? ಅದಕ್ಕೆ ಅರ್ಥ ಏನು, ಅದು ಎಲ್ಲಿಂದ ಬಂತು—ಎಲ್ಲಾ ಕೇಳು.”

ಜುಜಾನಾ ಖುಷಿಯಿಂದಲೇ ಹೇಳಿದಳು. ಹೊರ್ವಾತ್ ಎಂದರೆ ಕ್ರೊಯೇಷಿಯಾದವನು ಎಂದರ್ಥ, ಅಷ್ಟೆ. ಅದು ಹಂಗೇರಿಯವರ ಮಾತು. ಹಿಂದೆ ತುರ್ಕರ ಸೈನ್ಯ ಮೇಲೇರಿ ಬಂದಾಗ ದಕ್ಷಿಣದ ಜನ ಗಂಟುಮೂಟೆ ಕಟ್ಟಿಕೊಂಡು ಬಡಗಕ್ಕೆ ಓಡಿಬಂದರಂತೆ. ಬಂದ ಊರಿನವರು ಅವರನ್ನು ಹಾಗೆ ಕರೆದರು, ಕರೆದದ್ದೇ ಉಳಿಯಿತು. ಈಗ ಸ್ಲೊವಾಕಿಯಾದಲ್ಲಿ ಅದಕ್ಕಿಂತ ಹೆಚ್ಚು ಬಳಕೆಯ ಹೆಸರು ಇನ್ನೊಂದಿಲ್ಲ. ಹಂಗೇರಿಯಲ್ಲೂ ಬೇಕಾದಷ್ಟಿದೆ, ಪಕ್ಕದ ಚೆಕ್ ದೇಶದಲ್ಲೂ ಉಂಟು. ಅವರೂರಿನ ಮೇಯರ್ ಹೊರ್ವಾತ್, ಪಾದ್ರಿ ಹೊರ್ವಾತ್, ಮಾಂಸದ ಅಂಗಡಿಯವನೂ ಹೊರ್ವಾತ್.

ಅತ್ತೆಗೆ ಸಮಾಧಾನವಾಗಲಿಲ್ಲ. “ಎಲ್ಲರದ್ದೂ ಅದೇ ಆದ್ರೆ, ಯಾರು ಯಾವ ಜನ ಅಂತ ಹೆಂಗೋ ಗೊತ್ತಾಗೋದು?”

ಕಿಟ್ಟಿ ನಗುತ್ತಾ ಅನುವಾದ ಮಾಡಿದ. ಜುಜಾನಾ ಕೂಡ ನಕ್ಕು, “ಗೊತ್ತಾಗುವುದೇ ಇಲ್ಲ” ಎಂದಳು. ಆ ನಗುವಿನ ಕೊನೆ ಚೂರು ಅಳುಕಿತು. ಅದನ್ನು ನೋಡಿದವಳು ನಾನೊಬ್ಬಳೇ. ಅಂಥ ನಗೆಯನ್ನು ನಾನು ಕನ್ನಡಿಯಲ್ಲಿ ಬಹಳ ಸಲ ನೋಡಿದ್ದೆ.

ಊಟವಾದ ಮೇಲೆ ಪಾತ್ರೆ ಒರೆಸಲು ಅಡುಗೆಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ, ತಾನು ರೋಮಾ ಎಂದಳು—ಇಲ್ಲಿನ ಪತ್ರಿಕೆಗಳು ಜಿಪ್ಸಿಗಳೆಂದು ಬಾಯಿಗೆ ಬಂದಂತೆ ಬೈಯುತ್ತವಲ್ಲ, ಆ ಜನ. ಎಷ್ಟೋ ಶತಮಾನಗಳ ಹಿಂದೆ ನಮ್ಮ ದೇಶದಿಂದಲೇ ಹೋದವರು. ಅವಳ ಅಜ್ಜಿ ನೀರಿಗೆ ಇವತ್ತಿಗೂ ಪಾನಿ ಅನ್ನುತ್ತಾಳಂತೆ. “ನಮ್ಮೂರಲ್ಲಿ ಹೊರ್ವಾತ್ ಅಂದರೆ ಸಾಲದು. ಯಾವ ಬೀದಿ ಅಂತ ಕೇಳುತ್ತಾರೆ. ಬೀದಿಯ ಹೆಸರು ಹೇಳಿದ ಮೇಲೆ ಅವರ ಮುಖವೇ ಬೇರೆ” ಎಂದಳು. ಶಾಲೆಯಲ್ಲಿ ಅವಳನ್ನು ಮಂದಬುದ್ಧಿಯ ಮಕ್ಕಳ ತರಗತಿಗೆ ಹಾಕಲು ಹೊರಟಾಗ ಅವಳಪ್ಪ ಹೆಡ್‌ಮಾಸ್ಟರರ ಬಾಗಿಲು ಬಿಟ್ಟು ಕದಲಲಿಲ್ಲವಂತೆ. ಆ ಅಪ್ಪನಿಗೆ ಹೊರ್ವಾತ್ ಎಂಬ ಹೆಸರೆಂದರೆ ಪ್ರಾಣ. ಮೇಯರಿಗೂ ತನಗೂ ಆ ಊರಿನಲ್ಲಿ ಸಮನಾಗಿ ಸಿಕ್ಕಿದ್ದು ಅದೊಂದೇ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ.

ಕಿಟ್ಟಿಗೆ ಎಲ್ಲವೂ ಗೊತ್ತಿತ್ತು. ಅತ್ತೆಗೆ ಹೇಳಬೇಕೋ ಬೇಡವೋ ಎಂಬುದು ಅವಳ ಪ್ರಶ್ನೆ. “ನೀವು ನಿಮ್ಮ ಜನರನ್ನು ಬಲ್ಲವರು. ಏನು ಮಾಡಲಿ?”

“ಹೇಳಬೇಡ. ನನ್ನಿಂದಲೂ ಈ ಮಾತು ಹೊರಗೆ ಹೋಗುವುದಿಲ್ಲ” ಎಂದೆ. ಅವಳು ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು.

ಎಷ್ಟು ಬೇಗ ಹೇಳಿಬಿಟ್ಟೆ ನೋಡಿ. ಮುಚ್ಚಿಡುವ ವಿದ್ಯೆಯಲ್ಲಿ ನಾನು ಪಳಗಿದವಳು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದಿರುವುದು ನಮ್ಮ ಊರಿನ ಹೆಸರು. ಮೈಸೂರು ಕಡೆಯ ಅರ್ಧ ಜನರದ್ದೂ ಹಾಗೇ. ಇನಿಷಿಯಲ್ಲಿನಲ್ಲಿದ್ದ ಊರು ವಿಮಾನ ಹತ್ತಿದ ಮೇಲೆ ಮನೆತನವಾಗುತ್ತದೆ. ಊರಿನ ಹೆಸರಿಗೆ ಜಾತಿ ಅಂಟಿರುವುದಿಲ್ಲ. ಅದಕ್ಕೇ ನಮ್ಮವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಜಾತಿ ಯಾವುದು ಎಂದು ಕೇಳಿದರೆ ಅಸಭ್ಯ; “ನಿಮ್ಮ ಮನೆದೇವರು ಯಾವುದು?” ಎಂದರೆ ಭಕ್ತಿ. ಒಂದು ದೇವರ ಹೆಸರು, ಒಂದು ಬೆಟ್ಟದ ಹೆಸರು ಸಿಕ್ಕರೆ ಸಾಕು, ಏಳು ತಲೆಮಾರು ಕೆದಕಿ ಬೀದಿಗೆ ತರುತ್ತಾರೆ. ಜುಜಾನಾಳ ಊರಿನವರು ಬೀದಿ ಕೇಳುತ್ತಾರೆ, ನಾವು ದೇವರನ್ನು ಕೇಳುತ್ತೇವೆ.

ಇದನ್ನು ಓದುತ್ತಿರುವ ನೀವೂ ಈಗ ಇವಳದು ಯಾವ ಜಾತಿಯಿರಬಹುದು ಎಂದು ಲೆಕ್ಕ ಹಾಕುತ್ತಿದ್ದೀರಿ. ಹಾಕುತ್ತಿಲ್ಲ ಅನ್ನಬೇಡಿ. ತೊಗೊಳ್ಳಿ, ಹೇಳುತ್ತೇನೆ—ನಮ್ಮದು ಊರಾಚೆಯ ಕೇರಿ. ನನ್ನ ಅಜ್ಜ ಊರೊಳಗೆ ಕಾಲಿಡುವಾಗ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದ. ಅಪ್ಪ ಓದಿ ಬ್ಯಾಂಕು ಸೇರಿ, ಮೈಸೂರಿನಲ್ಲಿ ಮನೆಮಾಡಿ, ಕೇರಿಯ ಕಡೆ ತಿರುಗಿ ನೋಡದೆ ಸತ್ತ. ಮೆಡಿಕಲ್ ಕಾಲೇಜಿನಲ್ಲಿ ರಘು ಸಿಕ್ಕಿದ. ಅವನಿಗೆ ಎಲ್ಲವೂ ಗೊತ್ತು. ಅತ್ತೆಗೆ ಮಾತ್ರ ನಾವಿಬ್ಬರೂ ಸೇರಿ, ಅವರು ಮೂಗು ಮುರಿದು ಒಪ್ಪಬಹುದಾದ ಒಂದು ಜಾತಿಯನ್ನು ನನಗೆ ಹೊಂದಿಸಿ ಹೇಳಿದೆವು. ರಿಜಿಸ್ಟರ್ ಮದುವೆಯಾಗಿ ಇಲ್ಲಿಗೆ ಹಾರಿಬಂದೆವು. ಸಮಾಧಾನವಾಯಿತೇ?

ಅತ್ತೆಗೆ ಜುಜಾನಾ ದಿನದಿನಕ್ಕೆ ಹತ್ತಿರವಾದಳು. ಮೈಸೂರಿಗೆ ಫೋನು ಮಾಡಿ ಛತ್ರ ವಿಚಾರಿಸುವಂತೆ ತಮ್ಮನಿಗೆ ಹೇಳಿದ್ದೂ ಆಯಿತು. ಹೊತ್ತಿಗೆ ಸರಿಯಾಗಿ ದೀಪಾವಳಿ ಬಂತು. ಮ್ಯಾಂಚೆಸ್ಟರಿನ ಕನ್ನಡದವರೆಲ್ಲ ಒಂದು ಶಾಲೆಯ ಹಾಲ್ ಹಿಡಿದು ಊಟ ಇಟ್ಟುಕೊಂಡಿದ್ದರು. ಕಿಟ್ಟಿ ಜುಜಾನಾಳಿಗೆ ಸೀರೆ ಉಡಿಸಿ ಕರೆತಂದಿದ್ದ—ಉಡಿಸಿದವಳು ನಾನೇ, ನೆರಿಗೆ ಹಿಡಿದು ಪಿನ್ನು ಹಾಕಿದ್ದೂ ನಾನೇ.

ಅತ್ತೆ, ಜುಜಾನಾ, ನಾನು ಚಿತ್ರಾನ್ನದ ತಟ್ಟೆ ಹಿಡಿದು ನಿಂತಿದ್ದೆವು. ವಿಮಲಾ ಆಂಟಿ ಎಂಬುವರು ಹತ್ತಿರ ಬಂದರು. ಯಾವುದೋ ರಿಟೈರಾದ ಡಾಕ್ಟರರ ಹೆಂಡತಿ, ಅವತ್ತೇ ಪರಿಚಯವಾದವರು. ನನ್ನ ಸರ್‌ನೇಮ್ ಕೇಳಿದ್ದೇ ಕಣ್ಣರಳಿಸಿದರು.

“ಅಯ್ಯೋ, ಆ ಊರಾ? ನಮ್ಮ ತಾಯಿ ತೌರುಮನೆ ಅಲ್ಲೇ ಪಕ್ಕದಲ್ಲಿ ಕಣಮ್ಮಾ! ನೀವು ಅಲ್ಲಿ ಯಾರ ಪೈಕಿ? ಮನೆದೇವರು ಯಾವುದು?”

ಅತ್ತೆ ನನ್ನ ಕಡೆ ತಿರುಗಿದರು. ಅವರಿಗೂ ಕುತೂಹಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನನ್ನ ಕೈ ತಾನೇ ಕೊರಳಿಗೆ ಹೋಯಿತು. ಏನಾದರೂ ಒಂದು ದೇವರ ಹೆಸರು ಹೇಳಬಹುದಿತ್ತು. ಆದರೆ ಆ ಹೆಂಗಸಿಗೆ ಆ ಸೀಮೆಯ ಮನೆಮನೆಯೂ ಗೊತ್ತು. ಸುಳ್ಳು ಅಲ್ಲೇ ಒಡೆಯುತ್ತಿತ್ತು. ಆಗ ನನ್ನ ಬಾಯಿಂದ ಬಂದದ್ದು—

“ನಮ್ಮದು ಬಿಡಿ ಆಂಟಿ. ನಮ್ಮನೆಗೆ ಬರ್ತಿರೋ ಈ ಹುಡುಗೀದು ಕೇಳಿ. ಅಲೆಮಾರಿ ಜನ ಇವ್ರು. ಅವ್ರ ದೇಶದಲ್ಲಿ ಇವ್ರನ್ನ ಊರೊಳಗೇ ಸೇರಿಸಲ್ವಂತೆ.”

ಬಾಯಿ ತಪ್ಪಿ ಬಂತು ಎಂದು ಬರೆದುಕೊಳ್ಳಲು ನನಗೆ ಆಸೆಯಿದೆ. ಬರೆಯುವುದಿಲ್ಲ. ಜಿಪ್ಸಿ ಎಂದರೆ ಜುಜಾನಾಳಿಗೆ ತಿಳಿಯುತ್ತದೆ, ಅಲೆಮಾರಿ ಎನ್ನಬೇಕು ಎಂದು ಯೋಚಿಸುವಷ್ಟು ಬುದ್ಧಿ ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿತ್ತು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸಂತೆ. ನಾನು ತಪ್ಪಿಸಿಕೊಂಡೆ. ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿ ತಪ್ಪಿಸಿಕೊಂಡೆ.

ವಿಮಲಾ ಆಂಟಿ ನನ್ನ ಮನೆದೇವರನ್ನು ಮರೆತೇಬಿಟ್ಟರು. ಇಬ್ಬರು ಹೆಂಗಸರೂ ಜುಜಾನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತನ್ನ ಸೀರೆಯನ್ನು ಮೆಚ್ಚುತ್ತಿದ್ದಾರೆಂದುಕೊಂಡು ಅವಳು ಸೆರಗು ಸರಿಮಾಡಿಕೊಂಡು ನಕ್ಕಳು.

“ಏನು ಹೇಳಿದಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನೀನು ಫಾರ್ಮಸಿಸ್ಟ್ ಅಂತ ಹೇಳಿದೆ” ಎಂದೆ.

ಅತ್ತೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಶುರುಮಾಡಿದರು. “ಊರೊಳಗೆ ಸೇರಿಸ್ದೇ ಇರೋರನ್ನ ನಾನು ನನ್ನ ದೇವರಮನೆಗೆ ಸೇರಿಸ್ಕೊಳ್ಲಾ?” ಅವರು ಬಂದಾಗಿನಿಂದ ಆ ದೇವರಿಗೆ ಬೆಳಗಾದರೆ ದೀಪ ಹಚ್ಚುತ್ತಿದ್ದವಳು ನಾನು. ನನ್ನ ಕೈಯ ತೀರ್ಥ ಕುಡಿದೇ ಅವರು ಕಾಫಿ ಮುಟ್ಟುತ್ತಿದ್ದುದು. ಅದನ್ನು ಅವರ ಮುಖದ ಮೇಲೆ ಹೇಳಬೇಕಿತ್ತು! ಹೇಳಲಿಲ್ಲ. ಅದರ ಬದಲು ಅವರ ಕೈ ಹಿಡಿದು, “ಅತ್ತೆ, ನಾನು ಹೇಳಿದ್ದು ಅಂತ ಮಾತ್ರ ಕಿಟ್ಟಿಗೆ ಹೇಳಬೇಡಿ” ಎಂದು ಬೇಡಿಕೊಂಡೆ. ಅವರು ಮಾತಿಗೆ ತಪ್ಪುವವರಲ್ಲ. ಹೆಸರಿನ ಮೇಲೆ ಅನುಮಾನ ಬಂದು ವಿಚಾರಿಸಿದೆ ಎಂದು ಮಗನಿಗೆ ಹೇಳಿದರು, ಊಟ ಬಿಟ್ಟರು, ಅತ್ತರು, ಮಾತ್ರೆ ನುಂಗುವುದಿಲ್ಲವೆಂದರು. ಕಿಟ್ಟಿ—ಆ ಪುಣ್ಯಾತ್ಮ—ಹದಿನೈದು ದಿನ ಒದ್ದಾಡಿದಂತೆ ಮಾಡಿ ಜುಜಾನಾಳ ಕೈ ಬಿಟ್ಟ. ರಘು ಒಂದು ಬೆಳಿಗ್ಗೆ ಟೈ ಕಟ್ಟಿಕೊಳ್ಳುತ್ತಾ, “ಸದ್ಯ, ನಿನ್ನ ವಿಷಯ ಬರಲಿಲ್ಲವಲ್ಲ” ಎಂದ. ಅವನ ಮೇಲೆ ಎರಚಬೇಕೆಂದು ಕಾಫಿಲೋಟ ಕೈಗೆತ್ತಿಕೊಂಡವಳು ಅದನ್ನು ಹಾಗೇ ಕುಡಿದೆ. ಯಾಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಮಾತು.

ಜುಜಾನಾ ಲೀಡ್ಸ್‌ನಿಂದ ರೈಲು ಹಿಡಿದು ನನ್ನ ಕ್ಲಿನಿಕ್ಕಿಗೆ ಬಂದಳು. ರೋಗಿಗಳೆಲ್ಲ ಹೋಗುವ ತನಕ ಹೊರಗೆ ಕಾದಳು. ಒಳಗೆ ಬಂದು, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತಳು. ನೀವು ಹೇಳಿದಿರಾ ಎಂದು ಕೇಳಲಿಲ್ಲ. ಆ ಸಂಶಯವೇ ಅವಳಿಗೆ ಬಂದಿರಲಿಲ್ಲ. “ಅವರಿಗೆ ಹೇಗೆ ಗೊತ್ತಾಯಿತು?” ಎಂದಷ್ಟೇ ಕೇಳಿದಳು.

“ಹೆಸರಿನಿಂದ. ನಮ್ಮ ಜನ ಹೆಸರು ಕೆದಕಿ ತೆಗೆದುಬಿಡುತ್ತಾರೆ” ಎಂದೆ.

“ಆದರೆ ಅದು ಎಲ್ಲರ ಹೆಸರು!”

“ನಿಮಗೆ ಇರಬಹುದು. ನಮ್ಮವರಿಗೆ ಅಲ್ಲ” ಎಂದೆ—ಡಾಕ್ಟರು ರಿಪೋರ್ಟು ಓದಿ ಹೇಳುವ ದನಿಯಲ್ಲಿ.

ಅವಳು ನಂಬಿದಳು. ನನ್ನ ಜನರನ್ನು ನಾನು ಬಲ್ಲೆನಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುತ್ತಿದ್ದೆನೋ ಏನೋ. 2009ರಲ್ಲಿ ಯಾವುದೋ ತರಬೇತಿಗೆಂದು ಲೀಡ್ಸ್‌ಗೆ ಹೋಗಿದ್ದೆ. ಮಧ್ಯಾಹ್ನ ಸ್ಯಾಂಡ್‌ವಿಚ್ಚಿನ ಸಾಲಿನಲ್ಲಿ ಯಾರೋ ಭುಜ ಮುಟ್ಟಿದರು. ಜುಜಾನಾ. ಕೂದಲು ಗಿಡ್ಡವಾಗಿತ್ತು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಜುಜಾನಾ ಗ್ರೀನ್ ಎಂದಿತ್ತು. ಮದುವೆಯಾಯಿತೇ ಎಂದೆ. ಇಲ್ಲ, ಹೆಸರನ್ನೇ ಕಾನೂನಿನ ಪ್ರಕಾರ ಬದಲಾಯಿಸಿಕೊಂಡೆ ಎಂದಳು.

“ನೀವು ಹೇಳಿದ್ದನ್ನು ಬಹಳ ಯೋಚಿಸಿದೆ. ಇಂಡಿಯಾದ ಒಬ್ಬ ಮುದುಕಿ ಕೂಡ ಆ ಹೆಸರಿನಿಂದ ಕಂಡುಹಿಡಿಯುವುದಾದರೆ ಇನ್ನೇಕೆ ಅದು, ಅನ್ನಿಸಿತು. ಅಪ್ಪನಿಗೆ ಮಾತ್ರ... ಅಪ್ಪ ಇನ್ನೂ ನನ್ನ ಫೋನ್ ಎತ್ತುವುದಿಲ್ಲ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ನಿಮ್ಮ ಮನೆಯಲ್ಲಿ ನನಗೆ ನಿಜ ಹೇಳಿದವರು ನೀವೊಬ್ಬರೇ. ಥ್ಯಾಂಕ್ಸ್.”

ನಾನು ಸ್ಯಾಂಡ್‌ವಿಚ್ ತಿಂದೆ. ಇಡೀ ತಿಂದೆ. ಮಧ್ಯಾಹ್ನದ ಪಾಠಕ್ಕೆ ಹೋಗಿ ಕೂತೆ.

ಆ ಅಪ್ಪನನ್ನು ನಾನು ಕಂಡಿಲ್ಲ. ಮೇಯರಿಗೂ ತನಗೂ ಸಮನಾಗಿ ಸಿಕ್ಕಿದ್ದು ಅದೊಂದೇ ಎಂದು ಯಾವುದನ್ನು ಎದೆಗವಚಿಕೊಂಡಿದ್ದನೋ, ಅದನ್ನು ಅವನ ಮಗಳ ಕೈಯಿಂದಲೇ ಬಿಸಾಡಿಸಿದೆ. ಅಂಥದೇ ಕೇರಿಯ ಇನ್ನೊಬ್ಬ ಅಪ್ಪನ ಮಗಳಾಗಿ ಹುಟ್ಟಿ ಈ ಕೆಲಸ ಮಾಡಿದೆ. ಊರಾಚೆಯ ಕೇರಿಯವಳು, ಹೆದರಿದ್ದಳು, ಪಾಪ ಎಂದು ನನ್ನನ್ನು ಕ್ಷಮಿಸಲು ಹೊರಡಬೇಡಿ. ಜುಜಾನಾಳೂ ಹೆದರಿದ್ದಳು. ಹೆದರಿಯೂ ಅವಳು ಯಾರ ಹೆಸರನ್ನೂ ಮುಂದೆ ತಳ್ಳಲಿಲ್ಲ.

ಅತ್ತೆ ಮೈಸೂರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಈ ಭಾನುವಾರ ಫೋನು ಮಾಡಿ, ವಿಮಲಾ ಆಂಟಿ ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ—ನಮ್ಮ ಕೇರಿಯ ಮಾರಮ್ಮನ ಹೆಸರು ಹೇಳುತ್ತೇನೆ. ರಘು ಬೇಡವೆನ್ನುತ್ತಾನೆ. ಅನ್ನಲಿ. ಆಮೇಲೆ ಲೀಡ್ಸ್‌ಗೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಅಂಥವಳು. ಅವಳು ತಿರುಗಿ ಏನು ಬೇಕಾದರೂ ಅನ್ನಲಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಇಷ್ಟನ್ನೇ ಹೇಳಬೇಕು: ಜುಜಾನಾ, ಹೊರ್ವಾತ್ ಎಂಬ ನಿನ್ನ ಹೆಸರು ಯಾರಿಗೂ ಏನನ್ನೂ ಹೇಳಲಿಲ್ಲ. ಹೇಳಿದವಳು ನಾನು. ನಿಮ್ಮಪ್ಪ ಫೋನ್ ಎತ್ತಿದ ದಿನ ಅವರಿಗೂ ಹೇಳು.