ಉರಿಸಿ ನೋಡಿದ ಮೇಣದಬತ್ತಿ

ಬೀಪಾತುಮ್ಮ ಕೊಡುತ್ತಿದ್ದ ಮೇಣದಬತ್ತಿಗಳ ತುದಿ ಯಾವಾಗಲೂ ಕರಕಲಾಗಿರುತ್ತಿತ್ತು. ಮೊದಲು ತಾವೇ ಹೊತ್ತಿಸಿ, ಮುಖದ ಹತ್ತಿರ ಹಿಡಿದು ನೋಡದೆ ಅವರು ಒಂದನ್ನೂ ಯಾರಿಗೂ ಕೊಡುತ್ತಿರಲಿಲ್ಲ. “ಉರಿಸಿದ್ದನ್ನು ಕೊಡ್ತೀರಲ್ಲ ಮಾರಾಯ್ರೆ!” ಎಂದು ನೆರೆಯವರು ನಗುತ್ತಿದ್ದರು. ಬೀಪಾತುಮ್ಮ ನಗುತ್ತಿರಲಿಲ್ಲ.

ನಾನು ಮದುವೆಯಾಗಿ ಕುದ್ರೋಳಿಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗಿಡ್ಡ ಪಾಗಾರದ ಗೋಡೆ. ಅವರ ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಬೀಪಾತುಮ್ಮ ಮನೆಮನೆಯಿಂದ ಉರಿದುಳಿದ ಮೇಣದ ತುಂಡುಗಳನ್ನು ಕೇಳಿ ತಂದು, ಹಾಲುಪುಡಿಯ ಹಳೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಪಪ್ಪಾಯಿ ಎಲೆಯ ಟೊಳ್ಳು ದಂಟಿನೊಳಗೆ ಹೊಯ್ಯುತ್ತಿದ್ದರು. ಹರಿದ ಮುಂಡಿನ ನೂಲೇ ಬತ್ತಿ. “ಬಿಸಾಡ್ಲಿಕ್ಕೆ ಎಂತಕ್ಕೆ? ಇದ್ರಲ್ಲಿ ಇನ್ನೂ ಬೆಳಕು ಉಂಟು” ಎನ್ನುತ್ತಿದ್ದರು. ಕರೆಂಟು ಹೋದರೆ ನಮಗೆಲ್ಲ ಅವರ ಬತ್ತಿಯೇ ಗತಿ.

ನಾನು ಬಂದ ವರ್ಷವೇ ನನ್ನ ನಾದಿನಿ ಸುಮತಿಯನ್ನು ನೋಡಲು ಸುರತ್ಕಲ್ಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಸಂಜೆ ಕರೆಂಟಿರಲಿಲ್ಲ. ಸುಮತಿ ಬೀಪಾತುಮ್ಮನ ಬತ್ತಿ ಹೊತ್ತಿಸಿಕೊಂಡು ಕನ್ನಡಿಯ ಮುಂದೆ ಕೂತಳು. ದಂಟು ಸರಿಯಾಗಿ ಒಣಗದೆ ಮೇಣದೊಳಗೆ ನೀರು ಸೇರಿತ್ತೋ ಏನೋ, ಚಟ್ಟೆಂದು ಸಿಡಿದು ಅವಳ ಕೆನ್ನೆ ಸುಟ್ಟಿತು. ಮರುದಿನ “ಈ ಮುಖ ಇಟ್ಕೊಂಡು ನಾನು ಹೊರಗೆ ಬರುವುದಿಲ್ಲ” ಎಂದು ಅವಳು ಬಾಗಿಲು ಹಾಕಿಕೊಂಡಳು. ಬಂದವರು ಮುನಿಸಿಕೊಂಡು ಎದ್ದುಹೋದರು.

ಉರಿಸಿ ನೋಡುವ ಅಭ್ಯಾಸ ಶುರುವಾದದ್ದು ಅಂದಿನಿಂದ. ಕೆನ್ನೆಯ ಮೇಲೆ ಉದ್ದಿನಕಾಳಿನಷ್ಟು ಕಲೆ ಉಳಿಯಿತು. ಸುಮತಿ ಟೀಚರಾದಳು, ಬೇರೆ ಸಂಬಂಧಗಳಿಗೆ ಒಪ್ಪಲಿಲ್ಲ. ಬೀಪಾತುಮ್ಮ ತಮ್ಮ ಮಗಳು ಆಯಿಸಾಳ ಮದುವೆಗೆ ಕರೆಯಲು ಬಂದವರು ನಮ್ಮ ಹೊಸ್ತಿಲಲ್ಲೇ ನನ್ನ ಅತ್ತೆಯ ಮುಂದೆ ಅತ್ತುಬಿಟ್ಟರು: “ನಿಮ್ಮ ಮಗಳದ್ದನ್ನು ತಪ್ಪಿಸಿ ನನ್ನ ಮಗಳದ್ದಕ್ಕೆ ಹೇಗೆ ಕರೆಯುವುದು?” ಅತ್ತೆ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ.

ಗಂಡ ತೀರಿಹೋದ ಮೇಲೆ ಬೀಪಾತುಮ್ಮ ಬಜಪೆಯಲ್ಲಿದ್ದ ಆಯಿಸಾಳ ಮನೆಗೆ ಹೊರಟ ದಿನ ಬಂದು ಸುಮತಿಯ ಕೆನ್ನೆ ಮುಟ್ಟಿದರು. “ನನ್ನನ್ನು ಮಾಫ್ ಮಾಡು ಮಗಾ.”

ಸುಮತಿಗೆ ತಡೆಯಲಾಗಲಿಲ್ಲ. “ಉಮ್ಮಾ, ನನಗೆ ಆ ಮದುವೆಯೇ ಬೇಡ ಇತ್ತು. ಅಪ್ಪನ ಹತ್ರ ಹೇಳ್ಲಿಕ್ಕೆ ಹೆದರಿಕೆ. ಈ ಗಾಯ ಒಂದು ನೆಪ ಆಯ್ತು ಅಷ್ಟೆ.”

ಬೀಪಾತುಮ್ಮ ಅವಳನ್ನೇ ನೋಡಿದರು. “ಪ್ರತಿ ನಮಾಜಿನಲ್ಲೂ ನಿನ್ನ ಹೆಸರು ಹೇಳಿ ಅತ್ತಿದ್ದೇನೆ. ಒಂದು ಮಾತು ನನಗೆ ಹೇಳ್ಬಹುದಿತ್ತಲ್ಲ ಮಗಾ.” ಮಾತಿನಲ್ಲಿ ಸಿಟ್ಟಿರಲಿಲ್ಲ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಮತ್ತೆ ಬಂದದ್ದು ಅವರು ತೀರಿಕೊಂಡ ಸುದ್ದಿ. ಸುಮತಿ ಒಬ್ಬಳೇ ಬಜಪೆಯ ಬಸ್ಸು ಹತ್ತಿದಳು. ಅವಳು ತಲಪುವಾಗ ದಫನ ಮುಗಿದಿತ್ತು. ಆಯಿಸಾ ಅವಳ ಕೈ ಹಿಡಿದು, “ನಿಮ್ಮ ಮದುವೆ ತಪ್ಪಿದ್ದು ತನ್ನಿಂದ ಅಂತ ಉಮ್ಮ ಕಡೆಯವರೆಗೂ ಹೇಳ್ತಿದ್ರು. ಅವರನ್ನು ಕ್ಷಮಿಸಿಬಿಡಿ” ಎಂದಳಂತೆ.

ಸಂಜೆ ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ನನ್ನ ಮಾವನ ಎದುರು ನಿಂತು, ಆ ಮದುವೆ ಬೇಡವಾಗಿದ್ದದ್ದು ತನಗೇ ಎಂದು ಹೇಳಿದಳು. ಮಾವ ಕೈಯಲ್ಲಿದ್ದ ಪೇಪರು ಮಡಚಿಟ್ಟರು.

“ಇದು ಬೀಪಾತುಮ್ಮನಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅಪ್ಪ. ಆದರೂ ಯಾರಿಗೂ ಹೇಳ್ಲಿಲ್ಲ, ಸ್ವಂತ ಮಗಳಿಗೂ.”