ಬೀಗ ಬೇಡವೆನ್ನುವ ಅಕ್ಕ

ಪ್ರತಿ ಭಜನಾ ಮಂಡಳಿಯಲ್ಲೂ ಉಪದೇಶ ಮಾಡುವ ಅಕ್ಕ ಒಬ್ಬಳಿರುತ್ತಾಳೆ. ದೋಹಾದ ನಮ್ಮ ಮಂಡಳಿಯಲ್ಲಿ ಅದು ನಾನು. ಯೂಟ್ಯೂಬ್ ನೋಡಿ ಕಲಿತ ಅರ್ಧ ವಿದ್ಯೆ ನನ್ನದು: ಹಾಡಿನ ಫೈಲನ್ನು ಕುಗ್ಗಿಸಿಡುವ ಫಾರ್ಮ್ಯಾಟ್ ಯಾವ ಕಂಪನಿಯ ಸೊತ್ತೂ ಆಗಬಾರದು, ದೇವರ ನಾಮಕ್ಕೆ ಬೀಗ ಹಾಕಬಾರದು. ಹಾಗಾಗಿ ಶುಕ್ರವಾರದ ಭಜನೆಯನ್ನು ಎಲ್ಲರಿಗೂ ಯಾರ ಸೊತ್ತೂ ಅಲ್ಲದ ಮುಕ್ತ ಫಾರ್ಮ್ಯಾಟಿನಲ್ಲೇ ಕಳಿಸುತ್ತೇನೆ. “ಶರ್ಮಿಳಕ್ಕ, ನಿಮ್ಮ ದೇವರು ನನ್ನ ಫೋನಿನಲ್ಲಿ ಬಾಯಿಯೇ ಬಿಡುದಿಲ್ಲ ಮಾರಾಯ್ರೆ! ಎಂಪಿ3 ಕಳಿಸಿ, ಖಲಾಸ್!” ಎನ್ನುತ್ತಾನೆ ತಬಲಾ ಬಾರಿಸುವ ರಿತೇಶ್. ಎಂಪಿ3ಯ ಪೇಟೆಂಟ್ ಮುಗಿದು, ಅದರ ಬೀಗ ಕಳಚಿ ವರ್ಷಗಳೇ ಆದವೆಂದು ಗೊತ್ತಿದ್ದರೂ ನನ್ನ ಉಪದೇಶ ಮುಗಿಯುವುದಿಲ್ಲ. ಅಮ್ಮ ದೀಪ ಹಚ್ಚುತ್ತ ಹಾಡಿದ್ದರ ರೆಕಾರ್ಡಿಂಗ್ ಮಾತ್ರ ನನ್ನ ಫೋನಿನಲ್ಲಷ್ಟೇ ಇದೆ. ಅಮ್ಮ ತೀರಿಕೊಂಡಂದಿನಿಂದ ಊರಲ್ಲಿ, ಮುಲ್ಕಿಯಲ್ಲಿರುವ ತಂಗಿ ಅದನ್ನು ಕಳಿಸೆಂದು ಕೇಳುತ್ತಲೇ ಇದ್ದಾಳೆ. “ಅಮ್ಮ ನಿನಗೆ ಮಾತ್ರವಾ ಅಕ್ಕಾ?” ಎಂದು ಮೊನ್ನೆ ಅತ್ತಳು. ತಾಳ್ಮೆಯಿಂದ ಕೇಳಿಸಿಕೊಂಡು, ಯಾವ ಫಾರ್ಮ್ಯಾಟಿನಲ್ಲಿ ಬೇಕೆಂದು ಮತ್ತೊಮ್ಮೆ ವಿಚಾರಿಸಿದೆ.